ಊಟ ಎಲ್ಲಿ ಚೆನ್ನಾಗಿದೆ ಎಂದು ಕೇಳುವ ಸ್ವಾಮಿಗಳೇ

ಮಧುಗಿರಿ ಕಡೆಯಿಂದ ಬರುವ ಹೆದ್ದಾರಿ ಗೌರಿಬಿದನೂರನ್ನು ಹೊಕ್ಕು, ಚಿಕ್ಕಬಳ್ಳಾಪುರ ದಾಟಿ, ಶಿಡ್ಲಘಟ್ಟ ಮುಟ್ಟಿ, ಚಿಂತಾಮಣಿ ಹಾದು ಮುಳಬಾಗಿಲಿನ ಕಡೆ ಹೋಗುತ್ತದೆ. ಬಹಳ ಕಾಲ ಅದಕ್ಕೆ 234 ಎಂಬ ನಂಬರಿತ್ತು. ನಂಬರು ಈಗ ಬದಲಾಗಿದೆ. ನಮ್ಮ ನಾಲ್ಕು ಊರುಗಳ ಹೋಟೆಲುಗಳ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಈ ರಸ್ತೆಯ ಗುಂಟ ನಡೆದು, ಬಸ್‌ಸ್ಟ್ಯಾಂಡಿಗೊಂದು ಟೀ ಕುಡಿದು ಬರೆಯಬೇಕು. ಅದನ್ನು ಯಾರೂ ಬರೆದಿಲ್ಲ. ಬರೆಯುತ್ತಿರುವವರು ಬೇರೆ ಏನನ್ನೋ ಬರೆಯುತ್ತಿದ್ದಾರೆ.

ಶನಿವಾರ ನಸುಕಿಗೆ ಬೆಂಗಳೂರಿನಿಂದ ಕಾರುಗಳು ಹೊರಡುತ್ತವೆ. ನಂದಿಬೆಟ್ಟದಲ್ಲಿ ಸೂರ್ಯೋದಯ, 2023ರ ಜನವರಿಯಿಂದ ಆವಲಗುರ್ಕಿಯಲ್ಲಿ ದರ್ಶನ ಕೊಡುತ್ತಿರುವ 112 ಅಡಿಯ ಆದಿಯೋಗಿ, ನಡುವೆ ಒಂದು ತಿಂಡಿ, ವಾಪಸು ಹೋಗುವಾಗ ಒಂದು ಊಟ. ಕಾರು ಮನೆ ಸೇರುವಷ್ಟರಲ್ಲಿ ತೀರ್ಪು ಹೊರಬಿದ್ದಿರುತ್ತದೆ. ಇಲ್ಲಿ ದೋಸೆ ಗರಿಗರಿ, ಅಲ್ಲಿ ಚಟ್ನಿ ನೀರು, ಇದಕ್ಕೆ ನಾಲ್ಕು ನಕ್ಷತ್ರ, ಅದಕ್ಕೆ ಎರಡು, ಪ್ಯೂರ್ ವೆಜ್, ಫ್ಯಾಮಿಲಿ ಸಮೇತ ಹೋಗಬಹುದು, ಪಾರ್ಕಿಂಗ್ ಇದೆ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನಂಬಿ ಅದೇ ಹೋಟೆಲಿನ ಮುಂದೆ ಸಾಲು ನಿಲ್ಲುತ್ತಾರೆ. ಹತ್ತು ಹೆಜ್ಜೆ ಆಚೆ ಬೋರ್ಡಿಲ್ಲದ ಮನೆಯಂಥ ಹೋಟೆಲಿನಲ್ಲಿ ಹಮಾಲಿಗಳು ಮುದ್ದೆ ನುಂಗುತ್ತಿರುತ್ತಾರೆ. ಆ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ನನಗೆ ತಿನ್ನುವವರ ಮೇಲೆ ಸಿಟ್ಟಿಲ್ಲ. ನಾನೂ ತಿಂಡಿಪೋತನೇ. ಹಿತಕಿದ ಅವರೆಬೇಳೆ ಸಾರಿನ ವಿಷಯದಲ್ಲಿ ಚಿಂತಾಮಣಿಯವರ ಜೊತೆ ಜಗಳ ಆಡಬಲ್ಲೆ, ಸೋಲಲೂ ಬಲ್ಲೆ. ನನ್ನ ಸಿಟ್ಟು ಆ ಪಟ್ಟಿಯಲ್ಲಿ ಇಲ್ಲದ ಒಂದು ಕಲಮಿನ ಮೇಲೆ. ರುಚಿಗೆ ಕಲಮಿದೆ, ರೇಟಿಗಿದೆ, ಎಸಿಗಿದೆ, ಕಾರು ನಿಲ್ಲಿಸುವ ಜಾಗಕ್ಕೂ ಇದೆ. ಅಲ್ಲಿ ಯಾರನ್ನು ಕೂರಿಸುತ್ತಾರೆ, ಯಾರನ್ನು ನಿಲ್ಲಿಸುತ್ತಾರೆ ಎಂಬುದಕ್ಕೆ ಇಲ್ಲ.

ನಮ್ಮ ಕೇರಿಯಲ್ಲೂ ಒಂದು ಹೋಟೆಲ್ ಪಟ್ಟಿ ಇತ್ತು. ಬರೆದಿಟ್ಟದ್ದಲ್ಲ, ಬಾಯಿಂದ ಬಾಯಿಗೆ ಬಂದದ್ದು. ರೇಷ್ಮೆಗೂಡು ಹಾಕಲು ಶಿಡ್ಲಘಟ್ಟಕ್ಕೆ ಹೋಗುವವನಿಗೆ, ಕಡಲೆಕಾಯಿ ಮೂಟೆ ಹೊತ್ತು ಚಿಂತಾಮಣಿ ಸಂತೆಗೆ ಹೋಗುವವನಿಗೆ, ಕೋರ್ಟು ಕಚೇರಿ ಎಂದು ಚಿಕ್ಕಬಳ್ಳಾಪುರಕ್ಕೆ ಅಲೆಯುವವನಿಗೆ ಹಿರಿಯರು ಹೊರಡುವ ಮುಂಚೆ ಹೇಳಿ ಕಳಿಸುತ್ತಿದ್ದರು. ನಮ್ಮಪ್ಪನ ಪಟ್ಟಿಯಲ್ಲಿ ಸಾಂಬಾರಿನ ಮಾತೇ ಇರಲಿಲ್ಲ. "ಬಸ್‌ಸ್ಟ್ಯಾಂಡಿನ ಎಡಗಡೆ ಹೋಟ್ಲಿಗೆ ಹೋಗು ಕಣಪ್ಪ. ಅಲ್ಲಿ ಯಾರೂ ಏನೂ ಕೇಳಲ್ಲ." ಅಷ್ಟೇ ಶಿಫಾರಸು. ಯಾರೂ ಏನೂ ಕೇಳದ ಹೋಟೆಲೇ ನಮ್ಮವರ ಪಾಲಿನ ಐದು ನಕ್ಷತ್ರದ ಹೋಟೆಲು.

ಕೇಳುತ್ತಿದ್ದದ್ದು ಏನನ್ನು ಎಂದು ಬೆಂಗಳೂರಿನ ಎಳೆಯರಿಗೆ ತಿಳಿಯದಿದ್ದರೆ ಹೇಳುತ್ತೇನೆ. ಯಾವೂರು? ಊರೊಳಗೋ, ಆಚೆಗೋ? ಏನ್ ಜನ? ನಮ್ಮ ಸೀಮೆಯಲ್ಲಿ ಇದನ್ನು ಕನ್ನಡದಲ್ಲೂ ಕೇಳುತ್ತಾರೆ, ತೆಲುಗಲ್ಲೂ ಕೇಳುತ್ತಾರೆ. ಎರಡು ಭಾಷೆಯ ಜನ ಇಷ್ಟು ಚೆನ್ನಾಗಿ ಹೊಂದಿಕೊಂಡು ಬಾಳುವ ಗಡಿ ಇನ್ನೊಂದಿಲ್ಲ ಎಂದು ಭಾಷಣದಲ್ಲಿ ಹೇಳುವವರು, ಈ ಒಂದು ಪ್ರಶ್ನೆಯಲ್ಲಿ ಎರಡೂ ಭಾಷೆ ಎಷ್ಟು ಚೆನ್ನಾಗಿ ಹೊಂದಿಕೊಂಡಿವೆ ಎಂಬುದನ್ನೂ ಹೇಳಬೇಕು.

ಪೇಟೆಯ ಹೋಟೆಲಿನಲ್ಲಿ ಒಂದು ಉಪಕಾರವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅಲ್ಲಿ ಮುಖಪರಿಚಯ ಇರಲಿಲ್ಲ. ಹಳ್ಳಿಯಲ್ಲಿ ಹೊರಗೆ ನಿಂತ ಮನುಷ್ಯ ಪೇಟೆಯ ಬೆಂಚಿನ ಮೇಲೆ ಕುಂತು, ಯಾರೋ ತೊಳೆದ ಲೋಟದಲ್ಲಿ ಟೀ ಕುಡಿದು, ಗಲ್ಲಾದವನ ಕೈಗೇ ಕಾಸು ಕೊಟ್ಟು ಬರಬಹುದಿತ್ತು. ನಮ್ಮ ಹಿರಿಯರು ಸಂತೆಗೆ ಹೋಗಲು ಅಷ್ಟು ಆಸೆಪಡುತ್ತಿದ್ದದ್ದು ಸಾಮಾನಿಗಾಗಿ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಅದೇ ಬೆಂಚಿಗೆ ಊರ ಗೌಡರ ಮಗನೋ ರೆಡ್ಡಿಯ ಅಳಿಯನೋ ಬಂದು ಎದುರು ಕುಂತರೆ, ಅರ್ಧ ಇಡ್ಲಿ ತಟ್ಟೆಯಲ್ಲೇ ಬಿಟ್ಟು ಎದ್ದುಬರಬೇಕು. ಹಾಗೆ ಎದ್ದುಬಂದ ಇಡ್ಲಿಗಳ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಹಳ್ಳಿಯ ಹೋಟೆಲಿನ ವಿಷಯ ಬೇರೆ. ಗುಡಿಸಲಿನಂಥ ಮಾಡು, ಒಳಗೆ ಬೆಂಚು, ಹೊರಗೆ ಮಣ್ಣಿನ ಜಗುಲಿ. ಬೆಂಚು ಊರವರಿಗೆ. ಕೇರಿಯವರ ಲೋಟ ಹೊರಗಡೆ ಸೂರಿನ ಸಂದಿಯಲ್ಲಿ ಸಿಕ್ಕಿಸಿರುತ್ತಿತ್ತು. ಕೆಲವು ಕಡೆ ಲೋಟವೂ ಇಲ್ಲ, ತೆಂಗಿನ ಚಿಪ್ಪು. ಅದನ್ನು ನಾವೇ ತೆಗೆದು, ನಾವೇ ತೊಳೆದು, ಹಿಡಿದು ನಿಲ್ಲಬೇಕು. ಟೀ ಮೇಲಿನಿಂದ ಬೀಳುತ್ತಿತ್ತು. ಕುಡಿದ ಮೇಲೆ ಮತ್ತೆ ತೊಳೆದು ಅಲ್ಲೇ ಸಿಕ್ಕಿಸಿ, ಕಾಸನ್ನು ಜಗುಲಿಯ ಮೇಲೆ ಇಟ್ಟು ಹಿಂದೆ ಸರಿಯಬೇಕು. ಕಾಸಿನ ಮೇಲೆ ಎರಡು ಹನಿ ನೀರು ಚಿಮುಕಿಸಿದರೆ ಅದು ಶುದ್ಧವಾಗುತ್ತಿತ್ತು. ಮನುಷ್ಯನ ಮೇಲೆ ಕೆರೆಯನ್ನೇ ಸುರಿದರೂ ಆಗುತ್ತಿರಲಿಲ್ಲ.

ಇದೆಲ್ಲ ನಡೆಯುತ್ತಿದ್ದದ್ದು ಕಾನೂನು ಇಲ್ಲದ ಕಾಲದಲ್ಲಿ ಅಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹ ಎಂದು ಹೆಸರು ಹಿಡಿದು ಹೇಳಿದೆ. ಜಾತಿಯ ಕಾರಣಕ್ಕೆ ಅಲ್ಲಿಗೆ ಯಾರ ಪ್ರವೇಶವನ್ನೂ ತಡೆಯುವಂತಿಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ಹೇಳುವ 1955ರ ಕಾಯ್ದೆಯ 4ನೇ ಸೆಕ್ಷನ್ ಇನ್ನೂ ಕೆಳಗಿಳಿದು ಹೋಟೆಲಿನ ಪಾತ್ರೆಯ ಮಾತಾಡುತ್ತದೆ: ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಯನ್ನು ಬಳಸಲು ಬಿಡದಿದ್ದರೆ ಶಿಕ್ಷೆ. ಒಂದು ದೇಶದ ಸಂಸತ್ತು ಕುಳಿತು ಟೀ ಲೋಟದ ಬಗ್ಗೆ ಕಾನೂನು ಮಾಡಬೇಕಾಯಿತು ಎಂದರೆ ಆ ಲೋಟ ಎಂಥದ್ದಿರಬೇಕು! ಆ ಕಾಯ್ದೆ ಬಂದು ದಶಕಗಳಾದ ಮೇಲೂ ನಮ್ಮೂರ ಸೂರಿನ ಸಂದಿಯಲ್ಲಿ ಲೋಟ ಇದ್ದೇ ಇತ್ತು. ಎಪ್ಪತ್ತರ ದಶಕದಿಂದೀಚೆಗೆ ದಲಿತ ಸಂಘರ್ಷ ಸಮಿತಿಯ ಹುಡುಗರು ಹಳ್ಳಿಹಳ್ಳಿಗೆ ಹೋಗಿ ಆ ಬೆಂಚುಗಳ ಮೇಲೆ ಕುಂತರು. ಏಟು ತಿಂದರು. ಈಗ ನೀವು ನಕ್ಷತ್ರ ಕೊಡುವ ಎಷ್ಟೋ ಬೆಂಚುಗಳ ಮೇಲೆ ಅವರು ಮೊದಲು ಕುಂತಿದ್ದರು.

ಆಮೇಲೆ ಪೇಪರ್ ಲೋಟ ಬಂತು. ಹೋಟೆಲಿನವನ ಕಷ್ಟ ಬಗೆಹರಿಯಿತು. ಊರವರಿಗೆ ಸ್ಟೀಲು ಲೋಟ, ಗಾಜಿನ ಲೋಟ. ಕೇರಿಯವನು ಬಂದರೆ "ತಗೋ ಅಣ್ಣ" ಎಂದು ನಗುತ್ತ ಪೇಪರ್ ಲೋಟ. ಬಯ್ಯಲಿಲ್ಲ, ತಡೆಯಲಿಲ್ಲ, ಕೇಸು ಹಾಕಲು ಏನೂ ಸಿಗುವುದಿಲ್ಲ. ಬೆಂಗಳೂರಿನಿಂದ ಬಂದವರು ಅದೇ ಅಂಗಡಿಯ ಮುಂದೆ ನಿಂತು, ಪೇಪರ್ ಲೋಟ ಇದೆ, ಹೈಜೀನ್ ಚೆನ್ನಾಗಿದೆ ಎಂದು ಬರೆದುಹೋಗುತ್ತಾರೆ.

ಅಮೆರಿಕದಲ್ಲಿ ಕರಿಯರಿಗೆಂದೇ ಒಂದು ಹೋಟೆಲ್ ಕೈಪಿಡಿ ಇತ್ತು. ನ್ಯೂಯಾರ್ಕಿನ ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಅಂಚೆ ನೌಕರ 1936ರಲ್ಲಿ ಅದನ್ನು ಶುರುಮಾಡಿದ. ಯಾವ ಊರಿನಲ್ಲಿ ಯಾವ ಹೋಟೆಲು ಕರಿಯರಿಗೆ ಊಟ ಹಾಕುತ್ತದೆ, ಎಲ್ಲಿ ರಾತ್ರಿ ಮಲಗಲು ಜಾಗ ಕೊಡುತ್ತಾರೆ, ಯಾವ ಬಂಕಿನಲ್ಲಿ ಪೆಟ್ರೋಲು ಹಾಕುತ್ತಾರೆ ಎಂಬ ಪಟ್ಟಿ. ವರ್ಷ ವರ್ಷ ಹೊಸ ಮುದ್ರಣ. 'ಗ್ರೀನ್ ಬುಕ್' ಎಂದು ಅದಕ್ಕೆ ಹೆಸರು. ಈ ಪುಸ್ತಕವೇ ಬೇಕಿಲ್ಲದ ದಿನ ಬರಲಿ ಎಂದು ಅದನ್ನು ಮಾಡಿದವನೇ ಅದರಲ್ಲಿ ಬರೆದುಕೊಂಡಿದ್ದ. 1964ರಲ್ಲಿ ಅಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು, ಎರಡು ಮೂರು ವರ್ಷದಲ್ಲಿ ಪುಸ್ತಕ ನಿಂತಿತು. ನಮ್ಮಲ್ಲಿ ಕಾಯ್ದೆ ಅವರಿಗಿಂತ ಮುಂಚೆಯೇ ಬಂತು, ಪುಸ್ತಕ ಮಾತ್ರ ಹುಟ್ಟಲೇ ಇಲ್ಲ. ಹುಟ್ಟಬೇಕಾಗಿತ್ತು. ಅಂಬೇಡ್ಕರರು ಬಾಲ್ಯದಲ್ಲಿ ಅಪ್ಪನನ್ನು ನೋಡಲು ಗೋರೆಗಾಂವಿಗೆ ಹೊರಟಾಗ ಗಾಡಿಯಲ್ಲಿ ಬುತ್ತಿ ಇತ್ತು, ದಾರಿಯಲ್ಲಿ ನೀರು ಕೊಡುವವರಿಲ್ಲದೆ ಮಕ್ಕಳು ಹಸಿದೇ ಮಲಗಿದರು. ವಿದೇಶದಲ್ಲಿ ಓದಿ ಬಂದ ಮೇಲೆ ಬರೋಡದಲ್ಲಿ ತಂಗಲು ಜಾಗ ಸಿಗಲಿಲ್ಲ. ಅಷ್ಟು ಓದಿದವರ ಕೈಯಲ್ಲೂ ಅಂಥ ಪಟ್ಟಿ ಇರಲಿಲ್ಲ.

"ಅದೆಲ್ಲ ಹಳೇ ಕಥೆ, ಈಗೆಲ್ಲಿದೆ ಜಾತಿ?" ಎನ್ನುತ್ತೀರಿ. ತಲೆ ಎತ್ತಿ ಬೋರ್ಡುಗಳನ್ನು ಓದಿ ಸ್ವಾಮಿ. ಅಯ್ಯಂಗಾರ್ ಬೇಕರಿ, ಭಟ್ಟರ ಹೋಟೆಲು, ಗೌಡರ ಮನೆ ಊಟ, ರೆಡ್ಡಿ ಮಿಲಿಟರಿ ಹೋಟೆಲು. ಉತ್ತರ ಕರ್ನಾಟಕಕ್ಕೆ ಹೋದರೆ ಲಿಂಗಾಯತ ಖಾನಾವಳಿ. ಜಾತಿ ಇಲ್ಲದಿದ್ದರೆ ಅದನ್ನು ಟ್ಯೂಬ್‌ಲೈಟ್ ಹಾಕಿ ಬೋರ್ಡಿನಲ್ಲಿ ಯಾಕೆ ಮೆರೆಸುತ್ತಾರೆ? ಅದು ರುಚಿಯ ಗ್ಯಾರಂಟಿ ಎನ್ನುತ್ತಾರೆ. ಸರಿ. ಈ ಹೆದ್ದಾರಿಯಲ್ಲಿ ಮಾದಿಗರ ಮಿಲಿಟರಿ ಹೋಟೆಲು ಎಂಬ ಒಂದು ಬೋರ್ಡು ತೋರಿಸಿ. ಹೊಲೆಯರ ಮನೆ ಊಟ ಎಂಬ ಒಂದು ಬೋರ್ಡು ತೋರಿಸಿ. ಮೂಳೆ ಸಾರು, ಬೋಟಿ, ತಲೆಮಾಂಸ ಮಾಡುವುದರಲ್ಲಿ ನಮ್ಮ ಹೆಂಗಸರ ಕೈ ಯಾರಿಗೂ ಕಡಿಮೆಯಲ್ಲ. ಆ ಕೈಯ ಹೆಸರನ್ನು ಬೋರ್ಡಿಗೆ ಹಾಕಿದರೆ ಗಿರಾಕಿ ಬರುವುದಿಲ್ಲ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಅದಕ್ಕೇ ನಮ್ಮವನು ಹೋಟೆಲು ಇಟ್ಟರೆ ದೇವರ ಹೆಸರನ್ನೋ ಮಗಳ ಹೆಸರನ್ನೋ ಇಟ್ಟುಕೊಳ್ಳುತ್ತಾನೆ. ಮದರಾಸಿನ ತಿರುವಲ್ಲಿಕೇಣಿಯಲ್ಲಿ 1957ರಲ್ಲಿ ಪೆರಿಯಾರ್ ಒಂದು ಹೋಟೆಲಿನ ಬೋರ್ಡಿನಲ್ಲಿದ್ದ 'ಬ್ರಾಹ್ಮಣ' ಎಂಬ ಪದ ತೆಗೆಸಲು ಚಳವಳಿ ಮಾಡಿದರು. ಎಪ್ಪತ್ತನಾಲ್ಕು, ಎಪ್ಪತ್ತೊಂಬತ್ತು ಎಂದು ದಲಿತ, ಬಂಡಾಯ ಚಳವಳಿಗಳು ಹುಟ್ಟಿದ ಇಸವಿ ಎಣಿಸುವ ನಾವು ನಮ್ಮ ಊರುಗಳಲ್ಲಿ ಒಂದು ಬೋರ್ಡಿನ ಮುಂದೆಯೂ ನಿಲ್ಲಲಿಲ್ಲ.

ಇದೇ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿ ಶಾಲೆಯ ಸುದ್ದಿ 2015ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಬಿಸಿಯೂಟ ಬೇಯಿಸುವ ಹೆಂಗಸು ದಲಿತಳು ಎಂದು ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿಕೊಂಡು ಹೋದರು. ಓದು ಹೋದರೂ ಚಿಂತೆಯಿಲ್ಲ, ಆ ಕೈಯ ಅನ್ನ ಹೊಟ್ಟೆಗೆ ಇಳಿಯಬಾರದು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಚಿಂತಾಮಣಿಯಲ್ಲಿ ಏನು ತಿನ್ನಬೇಕು ಎಂದು ಕೇಳುವವರು ಯಾವಾಗಲಾದರೂ ಚಿಂತಾಮಣಿಯಲ್ಲಿ ಏನಾಯಿತು ಎಂದು ಕೇಳಿದ್ದಾರೆಯೇ? ಗೌರಿಬಿದನೂರಿನ ಪಕ್ಕದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು. ಅಲ್ಲಿಗೆ ಹೋಗುವವರು ಇಂದು ವಿಚಾರಿಸುವುದು ನಾಗರಕಲ್ಲಿನ ಪೂಜೆಯನ್ನು ಮತ್ತು ಹತ್ತಿರ ಒಳ್ಳೆಯ ಕಾಫಿ ಎಲ್ಲಿ ಸಿಗುತ್ತದೆ ಎಂಬುದನ್ನು.

ಶಿಡ್ಲಘಟ್ಟಕ್ಕಂತೂ ನಿಮ್ಮ ಪಟ್ಟಿಗಳಲ್ಲಿ ಜಾಗವೇ ಇಲ್ಲ. "ಅಲ್ಲೇನೂ ಇಲ್ಲ, ವಾಸನೆ" ಎಂದೊಬ್ಬರು ನನ್ನೆದುರೇ ಮೂಗು ಮುಚ್ಚಿಕೊಂಡರು. ಹೌದು ಸ್ವಾಮಿ, ವಾಸನೆ. ಬೇಯುವ ಗೂಡಿನ ವಾಸನೆ, ಸತ್ತ ಹುಳದ ವಾಸನೆ. ನಿಮ್ಮ ಮನೆಯ ಮದುವೆಯ ಸೀರೆ ಹುಟ್ಟುವ ವಾಸನೆ. ಬೆಳಗಿನ ಜಾವಕ್ಕೆ ಫಿಲೇಚರು ಶುರುವಾಗುತ್ತದೆ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿಯುವ ಕೈಗಳು ದಿನವಿಡೀ ನೀರಿನಲ್ಲಿ ನೆನೆದು ಬಿಳಿಚಿಕೊಳ್ಳುತ್ತವೆ, ಬೆರಳ ಸಂದಿಯ ಚರ್ಮ ಸುಲಿದುಬರುತ್ತದೆ. ಆ ಬೆರಳಿಗೆ ಖಾರದ ಸಾರು ತಾಗಿದರೆ ಹೇಗಿರುತ್ತದೆ ಎಂದು ಯೋಚಿಸಿ. ಊಟಕ್ಕೆ ಚಮಚ ಕೊಡುವ ಹೋಟೆಲು ಅವರ ಪಾಲಿಗೆ ಒಳ್ಳೇ ಹೋಟೆಲು. ಇಂಥ ಶಿಫಾರಸನ್ನು ನೀವು ಎಲ್ಲಾದರೂ ಓದಿದ್ದೀರಾ?

ಅಲ್ಲಿನ ಗಲ್ಲಿಗಳಲ್ಲಿ ಮುಸಲ್ಮಾನರ ಪುಟ್ಟ ಹೋಟೆಲುಗಳಿವೆ. ನಮ್ಮವರು ಏನನ್ನೂ ಕೇಳಿಸಿಕೊಳ್ಳದೆ ಹೋಗಿ ಕೂರುವ ಜಾಗಗಳಲ್ಲಿ ಅವು ಮೊದಲಿನವು. ಪರೋಟ, ಕುರ್ಮ, ಗಟ್ಟಿ ಚಹಾ, ಹಿಂದೆ ಕಡಿಮೆ ಕಾಸಿಗೆ ದೊಡ್ಡ ಮಾಂಸ. ಬಡವನ ಮೈಗೆ ಅಷ್ಟು ಅಗ್ಗಕ್ಕೆ ಬೇರೆ ಏನು ಬಲ ಕೊಡುತ್ತದೋ ಹೇಳಿ. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ, 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದೆಲ್ಲಕ್ಕೂ ತಡೆ ಹಾಕಿತು. ತಿನ್ನುವವನು ಒಂದು ರಾತ್ರಿಯಲ್ಲಿ ಕಳ್ಳನಾದ. ನಿಮ್ಮ ಪಟ್ಟಿಗೆ ಸೇರಿಸಿ ಎಂದು ಆ ಹೋಟೆಲಿನವನು ಕೇಳುವುದು ಹಾಗಿರಲಿ, ಬೋರ್ಡು ಹಾಕಲೂ ಹೆದರುತ್ತಾನೆ.

ಬಾಡಿನ ಮಾತಿಗೆ ಸಾಹಿತಿಗಳೂ ಹೆದರುತ್ತಾರೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಮಾಂಸಾಹಾರವನ್ನು ಮದ್ಯ, ತಂಬಾಕಿನ ಜೊತೆ ಒಂದೇ ಸಾಲಿನಲ್ಲಿ ನಿಷೇಧದ ಪಟ್ಟಿಗೆ ಸೇರಿಸಿದರು. ಬಾಡೂಟಕ್ಕೆ ಹೆಸರಾದ ಮಂಡ್ಯದಲ್ಲಿ! ಜನ ಕೆರಳಿದರು, ಬಾಡೂಟ ಬೇಕೆಂದು ಬೀದಿಗಿಳಿದರು. ಕನ್ನಡಿಗರಲ್ಲಿ ಬಹುಪಾಲು ಜನ ತಿನ್ನುವುದು ಕನ್ನಡದ ಹಬ್ಬಕ್ಕೆ ಮೈಲಿಗೆ ಎಂದು ತೀರ್ಮಾನಿಸಿದ ಮನಸ್ಸೇ ನಿಮ್ಮ ಪಟ್ಟಿಯಲ್ಲಿ 'ಪ್ಯೂರ್' ಎಂದು ಬರೆಯುವುದು. ಸೊಪ್ಪು ತಿನ್ನುವವನು ಪ್ಯೂರ್ ಆದರೆ ನಾನು ಏನು?

ಇನ್ನು ಮುದ್ದೆ. ನಮ್ಮ ಮನೆಗಳಲ್ಲಿ ಅಕ್ಕಿ ಅನ್ನ ಹಬ್ಬಕ್ಕೆ, ಮುದ್ದೆ ದಿನಕ್ಕೆ. ಶಾಲೆಯಲ್ಲಿ ಮುದ್ದೆ ಡಬ್ಬಿ ಬಿಚ್ಚಲು ನಾಚಿಕೆಪಡುವಂತೆ ಮಾಡಿದವರ ಮಕ್ಕಳು ಈಗ ಹೆದ್ದಾರಿಯ ರೆಸಾರ್ಟಿನಲ್ಲಿ ಬಾಳೆಎಲೆ ಹಾಸಿದ ಹಿತ್ತಾಳೆ ತಟ್ಟೆಯಲ್ಲಿ ಅದೇ ಮುದ್ದೆಗೆ ಕೂಲಿಯವನ ಅರ್ಧ ದಿನದ ದುಡಿಮೆಯಷ್ಟು ಬಿಲ್ಲು ಕಟ್ಟುತ್ತಾರೆ. ಬೆರಕೆ ಸೊಪ್ಪಿನ ಮಸ್ಸೊಪ್ಪು, ಉಪ್ಸಾರು, ಹುಚ್ಚೆಳ್ಳು ಚಟ್ನಿ, ಎಲ್ಲದಕ್ಕೂ ಈಗ ಮರ್ಯಾದೆ ಬಂದಿದೆ. ಅನ್ನೆ ಸೊಪ್ಪನ್ನು ಹೊಲದ ಬದುವಿನಲ್ಲಿ ಬಗ್ಗಿ ಬಗ್ಗಿ ಕೀಳುವ ಹೆಂಗಸಿಗೆ ಬಂದಿಲ್ಲ.

ನೀರಿನ ವಿಷಯ ಎತ್ತದೆ ಊಟದ ವಿಷಯ ಮುಗಿಸಲಾರೆ. ಒಂದೂ ಜೀವಂತ ನದಿ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿಗೂ ಆಳಕ್ಕೆ ಕೊರೆದು ಫ್ಲೋರೈಡಿನ ನೀರು ಕುಡಿದ ತಲೆಮಾರುಗಳಿವೆ. ಈಗ ನಮ್ಮ ಕೆರೆಗಳಿಗೆ ಹೆಬ್ಬಾಳ-ನಾಗವಾರ ಕಣಿವೆಯಿಂದ ನೀರು ಬರುತ್ತದೆ. ಯಾವ ನೀರು? ಬೆಂಗಳೂರಿನ ಚರಂಡಿಯ ನೀರು, ಎರಡು ಹಂತ ಶುದ್ಧೀಕರಿಸಿದ್ದು. ಮೂರನೇ ಹಂತವೂ ಮಾಡಿ ಕೊಡಿ ಎಂದು ಶಾಶ್ವತ ನೀರಾವರಿ ಹೋರಾಟದವರು ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಿದ್ದಾರೆ. ನೀವು ಕೈ ತೊಳೆದ ನೀರಿನಿಂದ ನಮ್ಮ ಅಂತರ್ಜಲ ತುಂಬಬೇಕು, ಅದರಲ್ಲಿ ನಾವು ಟೊಮೇಟೊ, ದ್ರಾಕ್ಷಿ, ಸೊಪ್ಪು ಬೆಳೆದು ನಿಮಗೇ ಕಳಿಸಬೇಕು, ಶನಿವಾರ ನೀವು ಬಂದು "ಇಲ್ಲಿನ ತರಕಾರಿ ಎಷ್ಟು ಫ್ರೆಶ್" ಎನ್ನಬೇಕು. ಆಮೇಲೆ ಟಿಶ್ಯೂ ಪೇಪರು ಇಟ್ಟಿರಲಿಲ್ಲ ಎಂದು ಒಂದು ನಕ್ಷತ್ರ ಕತ್ತರಿಸಬೇಕು.

ಅಡುಗೆಮನೆಯ ಹಿಂಬಾಗಿಲಿಗೆ ಒಮ್ಮೆ ಬನ್ನಿ. ಅಲ್ಲಿ ತಟ್ಟೆ ತೊಳೆಯುವ ಹೆಂಗಸಿಗೆ ಕೂರಲು ಮಣೆ ಇಲ್ಲ. ಎಂಜಲೆತ್ತುವ ಕ್ಲೀನರ್ ಹುಡುಗ ಶಾಲೆಗೆ ಹೋಗುವ ವಯಸ್ಸಿನವನು. ಕೇಳಿದರೆ "ಅಣ್ಣನ ಮಗ, ರಜಕ್ಕೆ ಬಂದವ್ನೆ" ಎಂದು ಗಲ್ಲಾದಿಂದ ಉತ್ತರ ಬರುತ್ತದೆ. ಆ ರಜಾ ಜೂನಿನಲ್ಲೂ ಮುಗಿಯುವುದಿಲ್ಲ. ಕುಡುಮಲಕುಂಟೆಯ ಫ್ಯಾಕ್ಟರಿ ಕಡೆಯಿಂದ ದುಡಿದು ಬರುವ ಹೆಣ್ಣುಮಕ್ಕಳು ಗೌರಿಬಿದನೂರಿನ ಹೋಟೆಲಿನಲ್ಲಿ ಒಬ್ಬೊಬ್ಬರೇ ಕುಂತು ನೆಮ್ಮದಿಯಾಗಿ ಟೀ ಕುಡಿಯುವುದನ್ನು ನಾನು ಕಂಡದ್ದು ಬಲು ಕಡಿಮೆ. ಫ್ಯಾಮಿಲಿ ರೂಮಿನ ಪರದೆ ಫ್ಯಾಮಿಲಿ ಇದ್ದವರಿಗೆ ಮಾತ್ರ.

ನಾನೂ ಒಂದು ಹೋಟೆಲನ್ನು ಶಿಫಾರಸು ಮಾಡುತ್ತೇನೆ. ಬೆಂಗಳೂರಿನಲ್ಲಿ 2017ರ ಆಗಸ್ಟಿನಲ್ಲಿ ಶುರುವಾಗಿ ಆಮೇಲೆ ಜಿಲ್ಲೆ ತಾಲ್ಲೂಕುಗಳಿಗೆ ಬಂದ ಇಂದಿರಾ ಕ್ಯಾಂಟೀನು. 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ಶುರುವಾದದ್ದು. ಸಾಂಬಾರು ಎಷ್ಟೋ ದಿನ ನೀರು, ಅನ್ನ ಎಷ್ಟೋ ದಿನ ಮುದ್ದೆಮುದ್ದೆ, ಬಿಲ್ಲು ಬಾಕಿ ಎಂದು ಬಾಗಿಲು ಹಾಕುವುದೂ ಉಂಟು. ಅದಕ್ಕಾಗಿ ಸರ್ಕಾರವನ್ನು ಬಯ್ಯಿರಿ, ನಾನೂ ಬಯ್ಯುತ್ತೇನೆ. ಆದರೆ ಸಾಲಿನಲ್ಲಿ ನಿಂತವನನ್ನು ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ತಟ್ಟೆ ಎಲ್ಲರಿಗೂ ಒಂದೇ. ನಮ್ಮಪ್ಪನ ಪಟ್ಟಿಯಲ್ಲಿ ಅದು ಮೊದಲನೆಯದಾಗುತ್ತಿತ್ತು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳುವುದನ್ನೇ ಬದುಕಿನ ಕಸುಬು ಮಾಡಿಕೊಂಡಿದ್ದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳನ್ನೇ ಪ್ರಶ್ನಿಸಲು ಸಮಿತಿ ಮಾಡಿದವರು. ಅವರ ಜಿಲ್ಲೆಗೆ ಬರುವವರು ಕೊನೇಪಕ್ಷ ಒಂದು ಹೋಟೆಲನ್ನು ಪ್ರಶ್ನಿಸುವಷ್ಟಾದರೂ ಧೈರ್ಯ ತನ್ನಿ. ಗಲ್ಲಾದಲ್ಲಿ ಕುಂತವನನ್ನು ಕೇಳಿ: ಒಳಗೆ ಬೇಯಿಸುವವರು ಯಾರು, ಅವರಲ್ಲಿ ನಮ್ಮವರು ಒಬ್ಬರಾದರೂ ಇದ್ದಾರಾ, ಅಥವಾ ನಮ್ಮವರೆಲ್ಲ ತೊಳೆಯುವ ಕಡೆಯೇ ಇದ್ದಾರಾ? ತೊಳೆಯುವವರಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ? ಸ್ಟೀಲು ಲೋಟ ಯಾರಿಗೆ, ಪೇಪರ್ ಲೋಟ ಯಾರಿಗೆ? ಉತ್ತರ ಸಿಕ್ಕರೆ ಹೋಟೆಲಿನ ಹೆಸರಿನ ಜೊತೆ ಬರೆಯಿರಿ. ಸಿಗದಿದ್ದರೆ, ಕೇಳಿದೆ, ಉತ್ತರ ಕೊಡಲಿಲ್ಲ ಎಂದು ಬರೆಯಿರಿ. ದೋಸೆಯ ವಿಷಯ ಆಮೇಲೆ ಬರೆಯುವಿರಂತೆ.